ಲ್ಯಾಪ್‌ಟಾಪ್ ಅಂಗಡಿಗೆ ಹೋಗುವಾಗ ಒಂದು ಪೆನ್ ಡ್ರೈವ್, ಒಂದು ಇಯರ್‌ಫೋನ್

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವಳು, ವಯಸ್ಸು 26. ಕಣ್ಣಿನ ನರದ ತೊಂದರೆಯಿಂದ ಎರಡು ವರ್ಷದ ಹಿಂದೆ ದೃಷ್ಟಿ ಹೋಯಿತು. ಈಗ ಬೆಳಕು ಇದೆಯೋ ಇಲ್ಲವೋ ಅಷ್ಟು ಮಾತ್ರ ಗೊತ್ತಾಗುತ್ತದೆ. ಫೋನಿನಲ್ಲಿ ತೆರೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತೇನೆ. ಅರ್ಧಕ್ಕೆ ಬಿಟ್ಟಿದ್ದ ಕನ್ನಡ ಎಂ.ಎ. ಮತ್ತೆ ಶುರು ಮಾಡಿದ್ದೇನೆ. ಲ್ಯಾಪ್‌ಟಾಪ್ ಬೇಕು, ಬಜೆಟ್ 50 ಸಾವಿರ. ಅಣ್ಣ ಮ್ಯಾಕ್ ತಗೋ ಅನ್ನುತ್ತಾನೆ. ಅಂಗಡಿಯವರು ಮಾತಾಡುವ ಸಾಫ್ಟ್‌ವೇರ್‌ಗೆ ಐ7 ಪ್ರೊಸೆಸರ್, ಟಚ್ ಸ್ಕ್ರೀನ್ ಬೇಕೇ ಬೇಕು ಅಂದರು. ಗೆಳತಿಯೊಬ್ಬಳು ಜಾಸ್ ಎಂಬ ಮಾತಾಡುವ ಸಾಫ್ಟ್‌ವೇರ್ ಕಲಿಯದಿದ್ದರೆ ಮುಂದೆ ಕೆಲಸ ಸಿಗಲ್ಲ ಅಂತಾಳೆ. ಯಾರ ಮಾತು ಕೇಳಲಿ? ಕನ್ನಡ ಪುಸ್ತಕ, ನೋಟ್ಸ್ ಎಲ್ಲ ಓದಿಸಲು ಆಗುತ್ತದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಸ್ಕ್ರೀನ್ ರೀಡರ್‌ಗೆ, ಅಂದರೆ ತೆರೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್‌ಗೆ, ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ, ಉಚಿತವಾಗಿ ಸಿಗುವ ಎನ್‌ವಿಡಿಎ ಹಾಕಿಕೊಳ್ಳಿ. ಐ7 ಬೇಡ, ಟಚ್ ಸ್ಕ್ರೀನ್ ಬೇಡ, ಮ್ಯಾಕ್ ಸದ್ಯಕ್ಕೆ ಬೇಡ. ಉಳಿಯುವ ದುಡ್ಡನ್ನು ಒಳ್ಳೆಯ ಕೀಬೋರ್ಡಿಗೆ, ಜಾಸ್ತಿ ರ‍್ಯಾಮ್‌ಗೆ ಹಾಕಿ. ಕನ್ನಡ ಖಂಡಿತ ಓದಿಸಬಹುದು. ಆದರೆ ಎಂ.ಎ. ಓದುವಾಗ ನಿಮ್ಮನ್ನು ಸತಾಯಿಸುವುದು ಲ್ಯಾಪ್‌ಟಾಪ್ ಅಲ್ಲ, ನಿಮಗೆ ಬರುವ ಫೈಲುಗಳು. ಆ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಾನೂ ಕಣ್ಣು ಕಾಣದವನೇ. ನನ್ನ ಕೆಲಸವೆಲ್ಲ ಸ್ಕ್ರೀನ್ ರೀಡರಿನಲ್ಲೇ ನಡೆಯುತ್ತದೆ, ಈ ಉತ್ತರ ಬರೆಯುತ್ತಿರುವುದೂ ಅದರಲ್ಲೇ.

ಐ7 ಮಾತು ಮೊದಲು ಮುಗಿಸೋಣ. ಸ್ಕ್ರೀನ್ ರೀಡರ್ ತೆರೆಯ ಚಿತ್ರವನ್ನು ನೋಡಿ ಓದುವುದಿಲ್ಲ. ಇಲ್ಲೊಂದು ಬಟನ್ ಇದೆ, ಅದರ ಹೆಸರು ಸೇವ್, ಅದು ಈಗ ಒತ್ತುವ ಸ್ಥಿತಿಯಲ್ಲಿದೆ ಎಂಬ ಮಾಹಿತಿಯನ್ನು ವಿಂಡೋಸ್ ಮತ್ತು ಆಯಾ ಪ್ರೋಗ್ರಾಂಗಳಿಂದ ಅಕ್ಷರರೂಪದಲ್ಲೇ ಕೇಳಿ ಪಡೆಯುತ್ತದೆ. ಆಮೇಲೆ ಧ್ವನಿ ಮಾಡುವ ಎಂಜಿನ್‌ಗೆ ಕೊಡುತ್ತದೆ. ಇದಕ್ಕೆ ಭಾರೀ ಪ್ರೊಸೆಸರ್ ಬೇಕಿಲ್ಲ. ಈಚಿನ ಐ3 ಅಥವಾ ರೈಜನ್ 3 ಸಾಕು, ಐ5 ಸಿಕ್ಕರೆ ಒಳ್ಳೆಯದೇ. ಯಂತ್ರ ನಿಧಾನವಾದರೆ ಮಾತ್ರ ನಮಗೆ ಆಗುವ ಕಷ್ಟ ಬೇರೆ ಥರದ್ದು. ಕಣ್ಣಿರುವವರಿಗೆ ಗಾಲಿ ತಿರುಗುತ್ತಿರುವುದು ಕಾಣುತ್ತದೆ. ನಮಗೆ ಬರೀ ಮೌನ. ಕೆಟ್ಟುಹೋಯಿತಾ, ಯೋಚನೆ ಮಾಡುತ್ತಿದೆಯಾ, ನಾನು ಕೀ ಒತ್ತಲೇ ಇಲ್ಲವಾ, ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೇ ರ‍್ಯಾಮ್ 8 ಜಿಬಿಗಿಂತ ಕಮ್ಮಿ ಬೇಡವೇ ಬೇಡ. 16 ಜಿಬಿ ಆದರೆ ನೆಮ್ಮದಿ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಇರಲೇಬೇಕು. ತಿರುಗುವ ಹಾರ್ಡ್ ಡಿಸ್ಕಿನ ಹಳೆ ಮಾಡೆಲ್ ಎಷ್ಟೇ ಕಮ್ಮಿ ರೇಟಿಗೆ ಕೊಟ್ಟರೂ ಬಿಟ್ಟುಬಿಡಿ. ತೆರೆ ಎಷ್ಟು ಇಂಚು, ಎಷ್ಟು ಚೆಂದ ಎಂದು ಅವರು ವರ್ಣಿಸುವಾಗ ನೀವು ಟೀ ಕುಡಿಯಬಹುದು. ಗ್ರಾಫಿಕ್ಸ್ ಕಾರ್ಡ್ ಬೇಡ, ಅದು ಬ್ಯಾಟರಿ ತಿನ್ನುತ್ತದೆ.

ಇನ್ನು ರೇಟು ಕಮ್ಮಿ ಎಂದು ತೋರಿಸುವ ಎರಡು ಥರದ ಲ್ಯಾಪ್‌ಟಾಪ್ ಬಗ್ಗೆ ಎಚ್ಚರ. ಒಂದು, ಡಾಸ್ ಅಥವಾ ಫ್ರೀಡಾಸ್ ಇರುವುದು. ಅದರಲ್ಲಿ ವಿಂಡೋಸ್ ಇರುವುದಿಲ್ಲ. ಮನೆಗೆ ತಂದು ಆನ್ ಮಾಡಿದರೆ ತುಟಿ ಬಿಚ್ಚುವುದಿಲ್ಲ. ಅಂಗಡಿಯವರು ವಿಂಡೋಸ್ ನಾವೇ ಹಾಕಿಕೊಡ್ತೀವಿ ಅನ್ನುತ್ತಾರೆ. ಅದು ಬಹಳ ಸಲ ಕಳ್ಳ ಕಾಪಿ ಆಗಿರುತ್ತದೆ, ನಾಳೆ ಅಪ್‌ಡೇಟ್ ಆಗದೆ ಕೈಕೊಡುತ್ತದೆ. ಇನ್ನೊಂದು, ವಿಂಡೋಸ್ 11 ಎಸ್ ಮೋಡ್‌ನಲ್ಲಿ ಬರುವುದು. ಎಸ್ ಮೋಡ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್ ಬಿಟ್ಟು ಬೇರೇನನ್ನೂ ಹಾಕಲು ಬಿಡುವುದಿಲ್ಲ. ಹೊರಗಿಂದ ಇಳಿಸಿಕೊಂಡ ಎನ್‌ವಿಡಿಎ ಕೂಡ ಓಡುವುದಿಲ್ಲ. ಇದಕ್ಕೆ ಹೆದರಬೇಕಾಗಿಲ್ಲ, ಎಸ್ ಮೋಡ್‌ನಿಂದ ಹೊರಬರಲು ದುಡ್ಡು ಕೊಡಬೇಕಿಲ್ಲ. ಒಮ್ಮೆ ಹೊರಬಂದರೆ ವಾಪಸ್ ಹೋಗಲು ಆಗುವುದಿಲ್ಲ ಅಷ್ಟೇ, ನಮಗೆ ವಾಪಸ್ ಹೋಗುವ ಅಗತ್ಯವೂ ಇಲ್ಲ. ಬಿಲ್ ಆಗುವ ಮುಂಚೆ ಅವರ ಕೈಯಲ್ಲೇ ಬದಲಾಯಿಸಿಕೊಳ್ಳಿ.

ಈಗ ಕೀಬೋರ್ಡ್. ನಮಗೆ ಲ್ಯಾಪ್‌ಟಾಪ್ ಅಂದರೆ ಕೀಬೋರ್ಡ್ ಮತ್ತು ಸ್ಪೀಕರ್, ಅಷ್ಟೇ. ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುತ್ತೀರಲ್ಲ, ಹಾಗೇ ಇದನ್ನೂ ಬೆರಳಿಟ್ಟು ನೋಡಬೇಕು. ಎಫ್ ಮತ್ತು ಜೆ ಮೇಲಿನ ಗೆರೆ ಬೆರಳಿಗೆ ಚೆನ್ನಾಗಿ ಸಿಗುತ್ತದಾ? ಎಫ್1ರಿಂದ ಎಫ್12ರವರೆಗಿನ ಸಾಲಿನಲ್ಲಿ ನಾಲ್ಕು ನಾಲ್ಕು ಕೀಗಳ ಮಧ್ಯೆ ಸಣ್ಣ ಬಿಡುವು ಇದೆಯಾ, ಇಲ್ಲ ಎಲ್ಲ ಒಂದೇ ಪಟ್ಟಿಯ ಹಾಗೆ ಅಂಟಿಕೊಂಡಿವೆಯಾ? ಬಾಣದ ಕೀಗಳು ಪೂರ್ತಿ ಗಾತ್ರದಲ್ಲಿವೆಯಾ? ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಬೇರೆ ಬೇರೆ ಇವೆಯಾ, ಅಥವಾ ಎಫ್ಎನ್ ಹಿಡಿದು ಬಾಣ ಒತ್ತಬೇಕಾ? ಇವನ್ನು ದಿನಕ್ಕೆ ನೂರಾರು ಸಲ ಒತ್ತುತ್ತೀರಿ. ಪವರ್ ಬಟನ್ ಡಿಲೀಟ್ ಕೀಯ ಪಕ್ಕದಲ್ಲೇ ಇರುವ ಮಾಡೆಲುಗಳೂ ಇವೆ. ನಾನಾಗಿದ್ದರೆ ಅಂಥದ್ದನ್ನು ಕೊಳ್ಳುವುದಿಲ್ಲ.

ಬಲಗಡೆ ಅಂಕಿಗಳ ನಂಬರ್ ಪ್ಯಾಡ್ ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಎನ್‌ವಿಡಿಎ, ಜಾಸ್ ಎರಡರಲ್ಲೂ ನಂಬರ್ ಪ್ಯಾಡ್ ಬಳಸುವ ಡೆಸ್ಕ್‌ಟಾಪ್ ಜೋಡಣೆ ಒಂದಿದೆ, ಅದಿಲ್ಲದೆ ಕ್ಯಾಪ್ಸ್ ಲಾಕ್ ಬಳಸುವ ಲ್ಯಾಪ್‌ಟಾಪ್ ಜೋಡಣೆ ಇನ್ನೊಂದಿದೆ. ನೀವು ಹೊಸದಾಗಿ ಕಲಿಯುವವರು. ನೇರವಾಗಿ ಲ್ಯಾಪ್‌ಟಾಪ್ ಜೋಡಣೆಯನ್ನೇ ಕಲಿಯಿರಿ. ಆಗ ಯಾವ ಯಂತ್ರದ ಮುಂದೆ ಕೂತರೂ ಕೈ ತಡವರಿಸುವುದಿಲ್ಲ, ಬ್ಯಾಗಿಗೆ ಹಗುರಾಗುವ 14 ಇಂಚಿನದನ್ನೂ ಆರಿಸಬಹುದು. ಈಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಬಲಗಡೆಯ ಕಂಟ್ರೋಲ್ ಅಥವಾ ಮೆನು ಕೀ ತೆಗೆದು ಕೋಪೈಲಟ್ ಕೀ ಇಟ್ಟಿದ್ದಾರೆ. ಮೆನು ಕೀ ಇಲ್ಲದಿದ್ದರೆ ಶಿಫ್ಟ್ ಜೊತೆ ಎಫ್10 ಒತ್ತಿದರೆ ಅದೇ ಕೆಲಸ ಆಗುತ್ತದೆ.

ಧ್ವನಿಯ ವಿಷಯದಲ್ಲಿ ಒಂದು ಪರೀಕ್ಷೆ ಇದೆ. ಐದಾರು ಸೆಕೆಂಡು ಸುಮ್ಮನಿದ್ದು ಆಮೇಲೆ ಒಂದು ಕೀ ಒತ್ತಿ. ಕೆಲವು ಯಂತ್ರಗಳಲ್ಲಿ ಕರೆಂಟು ಉಳಿಸಲು ಸೌಂಡ್ ಕಾರ್ಡ್ ನಿದ್ದೆಗೆ ಜಾರುತ್ತದೆ, ಎದ್ದೇಳುವಷ್ಟರಲ್ಲಿ ಪದದ ಮೊದಲ ಅಕ್ಷರ ನುಂಗಿಹೋಗಿರುತ್ತದೆ. ಎನ್‌ವಿಡಿಎ ಈಗ ಸೌಂಡ್ ಕಾರ್ಡನ್ನು ಎಚ್ಚರವಾಗಿಡುವ ಸೆಟ್ಟಿಂಗ್ ಕೊಟ್ಟಿದೆ. ಆದರೂ ಕೊಳ್ಳುವಾಗಲೇ ಕೇಳಿ ನೋಡುವುದು ವಾಸಿ. ಇಯರ್‌ಫೋನ್ ತೂತು ಇರಲೇಬೇಕು. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಕೀ ಒತ್ತುವುದಕ್ಕೂ ಮಾತು ಕೇಳುವುದಕ್ಕೂ ನಡುವೆ ಎಳೆತ ಇರುತ್ತದೆ. ಹಾಡು ಕೇಳಲು ಅದು ಗೊತ್ತೇ ಆಗುವುದಿಲ್ಲ, ಟೈಪ್ ಮಾಡುವಾಗ ತಲೆ ಕೆಡುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಫೀಸುಗಳಿಂದ ಹೊರಬಂದು ರಿಪೇರಿಯಾಗಿ ಮಾರಾಟಕ್ಕೆ ಬರುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಥರದ ಲ್ಯಾಪ್‌ಟಾಪುಗಳ ಕೀಬೋರ್ಡ್ ನಿಮ್ಮ ಬಜೆಟ್ಟಿನ ಹೊಸ ಲ್ಯಾಪ್‌ಟಾಪುಗಳಿಗಿಂತ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದನ್ನು ಎಷ್ಟಕ್ಕೆ ಕೊಟ್ಟರೂ ಮುಟ್ಟಬೇಡಿ. ಹಳೆ ಥಿಂಕ್‌ಪ್ಯಾಡುಗಳಲ್ಲಿ ಎಡಗಡೆ ಕೆಳ ಮೂಲೆಯಲ್ಲಿ ಎಫ್ಎನ್, ಅದರ ಪಕ್ಕ ಕಂಟ್ರೋಲ್ ಇರುತ್ತದೆ. ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಅದಲುಬದಲು ಮಾಡಬಹುದು. ಬಯೋಸ್‌ನಲ್ಲಿ ಸ್ಕ್ರೀನ್ ರೀಡರ್ ಮಾತಾಡುವುದಿಲ್ಲವಾದ್ದರಿಂದ ಆ ಕೆಲಸ ಅಣ್ಣನಿಗೆ ಬಿಡಿ.

ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ್ದು ಇಷ್ಟು. ಎನ್‌ವಿಡಿಎಯನ್ನು ಇನ್‌ಸ್ಟಾಲ್ ಮಾಡದೆಯೇ ಪೆನ್ ಡ್ರೈವಿನಿಂದ ಓಡಿಸಬಹುದು, ಅದಕ್ಕೆ ಪೋರ್ಟಬಲ್ ಕಾಪಿ ಅನ್ನುತ್ತಾರೆ. ಯಾರದಾದರೂ ಕಂಪ್ಯೂಟರಿನಲ್ಲಿ ಒಂದು ಮಾಡಿಸಿಕೊಳ್ಳಿ. ತಂತಿ ಇರುವ ಇಯರ್‌ಫೋನ್ ಜೇಬಿನಲ್ಲಿರಲಿ. ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿನ ಗಲಾಟೆಯಲ್ಲಿ ಲ್ಯಾಪ್‌ಟಾಪ್ ಸ್ಪೀಕರ್ ಕೇಳುವ ಮಾತೇ ಇಲ್ಲ. ವಿಜಯನಗರದಿಂದ ಮೆಟ್ರೋದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ. ಅಲ್ಲಿಂದ ಮುಂದೆ ಒಬ್ಬರೇ ಹೋಗಿ ಅಂತ ನಾನು ಹೇಳುವುದಿಲ್ಲ. ಫುಟ್‌ಪಾತ್ ಮೇಲೇ ಅಂಗಡಿ, ಗಾಡಿ, ಡಬ್ಬಗಳೆಲ್ಲ ಇರುತ್ತವೆ. ಪೆನ್ ಡ್ರೈವ್ ಹಾಕಲು ಬಿಡದ ಶೋರೂಮ್ ಆದರೆ ಕಂಟ್ರೋಲ್, ವಿಂಡೋಸ್ ಕೀ, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ ಜೊತೆಗೇ ಬರುವ ನರೇಟರ್ ಮಾತಾಡಲು ಶುರು ಮಾಡುತ್ತದೆ. ಕೌಂಟರಿನವರು ಒಂದು ಕ್ಷಣ ಬೆಚ್ಚಿಬೀಳುತ್ತಾರೆ, ಪರವಾಗಿಲ್ಲ. ಹೊಸ ಲ್ಯಾಪ್‌ಟಾಪನ್ನು ಮೊದಲ ಸಲ ಆನ್ ಮಾಡಿ ಹೆಸರು, ವೈಫೈ, ಪಾಸ್‌ವರ್ಡ್ ಕೊಡುವಾಗಲೂ ಇದೇ ಮೂರು ಕೀ ಒತ್ತಿದರೆ ಸಾಕು, ಪಕ್ಕದಲ್ಲಿ ಯಾರೂ ಕೂರಬೇಕಾಗಿಲ್ಲ.

ಇನ್ನು ಸ್ಕ್ರೀನ್ ರೀಡರ್ ಯಾವುದು ಎಂಬ ಜಗಳ. ಜಾಸ್ ಹಳೆಯದು, ಗಟ್ಟಿ ಆಳು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಟೆಡ್ ಹೆಂಟರ್ ಎಂಬ ಅಮೆರಿಕದ ಬೈಕ್ ರೇಸರ್ ಕಟ್ಟಿದ ಕಂಪನಿ ಅದನ್ನು 1989ರಲ್ಲಿ ಡಾಸ್‌ಗೆಂದು ತಂದಿತು. ಮುಂದೆ ವಿಂಡೋಸ್‌ಗೆ ಬಂದಾಗಿನಿಂದ ಆಫೀಸುಗಳಲ್ಲಿ ಅದರದ್ದೇ ದರ್ಬಾರು. ಎನ್‌ವಿಡಿಎಯನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದರು, ಜೇಮ್ಸ್ ಟೆಹ್ ಜೊತೆ ಸೇರಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಕಣ್ಣಿರುವವರಿಗೆ ಕಂಪ್ಯೂಟರ್ ಬಳಸಲು ಹೆಚ್ಚಿನ ದುಡ್ಡು ಕೇಳುವುದಿಲ್ಲ, ನಮಗೆ ಯಾಕೆ ಕೇಳಬೇಕು ಎಂಬುದು ಅವರ ವಾದ. ಅದಕ್ಕೇ ಅದು ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ಮುಕ್ತ. ವರ್ಡ್, ಎಕ್ಸೆಲ್, ಕ್ರೋಮ್, ಮೇಲ್, ಜೂಮ್ ಇಷ್ಟಕ್ಕೆ ಎನ್‌ವಿಡಿಎ ಯಾವುದರಲ್ಲೂ ಕಮ್ಮಿ ಇಲ್ಲ. ಜಾಸ್ ನಿಜವಾಗಿ ಮೇಲುಗೈ ಆಗುವುದು ಕೆಲವು ಬ್ಯಾಂಕು, ಕಾಲ್ ಸೆಂಟರ್, ದೊಡ್ಡ ಕಂಪನಿಗಳ ಒಳಗೆ ಮಾತ್ರ ಓಡುವ ಹಳೆ ಸಾಫ್ಟ್‌ವೇರುಗಳಲ್ಲಿ. ಅಲ್ಲಿಗೆಂದೇ ಸ್ಕ್ರಿಪ್ಟ್, ಅಂದರೆ ಜಾಸ್ ಆ ಸಾಫ್ಟ್‌ವೇರನ್ನು ಓದುವಂತೆ ಮಾಡುವ ಪುಟ್ಟ ಪ್ರೋಗ್ರಾಂ, ಬರೆಸಿಕೊಂಡಿರುತ್ತಾರೆ. ಅಂಥ ಕಡೆ ಕೆಲಸ ಸಿಕ್ಕರೆ ಜಾಸ್ ಲೈಸೆನ್ಸ್ ಕೊಡಿಸಬೇಕಾದವರು ಕೆಲಸ ಕೊಟ್ಟವರು. ಮನೆ ಬಳಕೆಯ ಲೈಸೆನ್ಸ್ ಅನ್ನು ಕಚೇರಿ ಕೆಲಸಕ್ಕೆ ಬಳಸುವಂತೆಯೂ ಇಲ್ಲ.

ನಿಮ್ಮ ಗೆಳತಿಯ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಜಾಸ್ ಪರಿಚಯ ಇರಲಿ. ಲೈಸೆನ್ಸ್ ಇಲ್ಲದೆಯೂ ಅದು ಒಂದು ಸಲಕ್ಕೆ 40 ನಿಮಿಷ ಓಡುತ್ತದೆ, ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಕಲಿಯಲು ಅಷ್ಟು ಸಾಕು. ಎಚ್ ಒತ್ತಿದರೆ ಮುಂದಿನ ಹೆಡಿಂಗ್, ಟಿ ಒತ್ತಿದರೆ ಟೇಬಲ್, ಬಿ ಒತ್ತಿದರೆ ಬಟನ್. ವೆಬ್ ಪುಟದಲ್ಲಿ ಓಡಾಡುವ ಇಂಥ ಕೀಗಳು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಒಂದು ಕೈಗೆ ಹತ್ತಿದರೆ ಇನ್ನೊಂದು ಬೇಗ ಬರುತ್ತದೆ. ಕ್ರ್ಯಾಕ್ ಮಾಡಿದ ಜಾಸ್ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಎನ್‌ವಿಡಿಎ ಉಚಿತವಾಗಿ ಇರುವಾಗ ಆ ವೈರಸ್ ಮೂಟೆ ಯಾಕೆ ಬೇಕು?

ನರೇಟರನ್ನು ಸ್ಟೆಪ್ನಿ ಥರ ಇಟ್ಟುಕೊಳ್ಳಿ. ಎನ್‌ವಿಡಿಎ ಬಾಯಿ ಮುಚ್ಚಿದಾಗ ನರೇಟರ್ ಕರೆದು, ಎನ್‌ವಿಡಿಎಯನ್ನು ಎಬ್ಬಿಸಿ, ನರೇಟರನ್ನು ಕಳಿಸಿಬಿಡಿ. ಮ್ಯಾಕ್ ಬಗ್ಗೆ ಅಣ್ಣ ಹೇಳಿದ್ದು ತಪ್ಪೇನಲ್ಲ. ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಮ್ಯಾಕಿನೊಳಗೇ 2005ರಿಂದ ಇದೆ, ಕನ್ನಡ ಧ್ವನಿಯನ್ನೂ ಆ್ಯಪಲ್ 2022ರಲ್ಲಿ ಸೇರಿಸಿತು, ಕೇಳಲು ಚೆನ್ನಾಗಿದೆ. ಆದರೆ ನಿಮಗೆ ಕಲಿಸುವವರು, ನಿಮ್ಮ ಕಾಲೇಜು, ನಾಳೆ ಕೆಲಸ ಕೊಡುವ ಕಚೇರಿ ಎಲ್ಲ ಹೆಚ್ಚಾಗಿ ವಿಂಡೋಸ್‌ನಲ್ಲೇ ಇರುತ್ತಾರೆ. ವಾಯ್ಸ್‌ಓವರ್ ನಡೆಯುವ ರೀತಿಯೇ ಬೇರೆ, ಸಿಕ್ಕಿಹಾಕಿಕೊಂಡಾಗ ಕೇಳಲು ಪಕ್ಕದಲ್ಲಿ ಜನ ಬೇಕು. ಲಿನಕ್ಸ್‌ನಲ್ಲಿ ಆರ್ಕಾ ಎಂಬ ಸ್ಕ್ರೀನ್ ರೀಡರ್ ಇದೆ. ಕಂಪ್ಯೂಟರ್ ಬಿಚ್ಚಿ ಕಟ್ಟುವ ಹುಚ್ಚಿದ್ದವರಿಗೆ ಅದು ಸರಿ, ಪರೀಕ್ಷೆ ಹತ್ತಿರ ಇರುವವರಿಗೆ ಬೇಡ.

ಈಗ ಕನ್ನಡ. ಎನ್‌ವಿಡಿಎ ಜೊತೆಗೇ ಇಸ್ಪೀಕ್ ಎಂಬ ಧ್ವನಿ ಎಂಜಿನ್ ಬರುತ್ತದೆ, ಅದರಲ್ಲಿ ಕನ್ನಡ ಇದೆ. ಮೊದಲ ದಿನ ಕೇಳಿದರೆ ಬೇಜಾರಾಗುತ್ತದೆ, ತಗಡಿನ ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ಆದರೂ ನಾನು ದಿನವಿಡೀ ಬಳಸುವುದು ಅದನ್ನೇ. ಕೀ ಒತ್ತಿದ ಕೂಡಲೇ ಮಾತಾಡುತ್ತದೆ, ಎಷ್ಟೇ ವೇಗಕ್ಕೆ ಏರಿಸಿದರೂ ಅಕ್ಷರ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕೇಳುತ್ತದೆ. ಇನ್ನೊಂದು ಉಪಕಾರ ಏನೆಂದರೆ, ಧ್ವನಿಯನ್ನು ಕನ್ನಡಕ್ಕೇ ಇಟ್ಟರೂ ನಡುವೆ ಬರುವ ಇಂಗ್ಲಿಷ್ ಪದಗಳನ್ನು ಇಂಗ್ಲಿಷಿನಂತೆಯೇ ಓದುತ್ತದೆ. ಬರೀ ಇಂಗ್ಲಿಷ್ ಧ್ವನಿ ಇಟ್ಟುಕೊಂಡರೆ ಕನ್ನಡ ಸಾಲು ಬಂದಾಗ ಕೆಲವು ಧ್ವನಿಗಳು ಸುಮ್ಮನೆ ದಾಟಿಹೋಗುತ್ತವೆ. ಪುಟ ಖಾಲಿ ಇದೆ ಎಂದು ನೀವು ಅಂದುಕೊಳ್ಳುತ್ತೀರಿ. ಎನ್‌ವಿಡಿಎಯಲ್ಲಿ ಪ್ರೊಫೈಲ್ ಮಾಡುವ ಸೌಲಭ್ಯ ಇದೆ. ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಪ್ರೊಫೈಲ್ ಮಾಡಿ, ಎರಡಕ್ಕೂ ಒಂದೊಂದು ಕೀ ಕೊಟ್ಟುಬಿಡಿ.

ಕಾದಂಬರಿ, ವಿಮರ್ಶೆ ಥರ ಉದ್ದಕ್ಕೆ ಕೇಳುವುದಕ್ಕೆ ಬೇರೆ ದಾರಿ ಇದೆ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನ ರೀಡ್ ಅಲೌಡ್‌ನಲ್ಲಿ ಸಪ್ನ, ಗಗನ್ ಎಂಬ ಎರಡು ಕನ್ನಡ ಧ್ವನಿಗಳಿವೆ. ಮನುಷ್ಯರು ಓದಿದ ಹಾಗೇ ಇರುತ್ತದೆ. ಇಂಟರ್ನೆಟ್ ಬೇಕು ಅಷ್ಟೇ. ಓಡಾಡಲು, ಬರೆಯಲು ಇಸ್ಪೀಕ್. ಒರಗಿ ಕೂತು ಕೇಳಲು ಎಡ್ಜ್. ನನ್ನ ಪದ್ಧತಿ ಇದು.

ಫೈಲುಗಳ ಕಾಟ ಶುರುವಾಗುವುದು ಇಲ್ಲಿಂದ. ನಿಮ್ಮ ಮೇಷ್ಟ್ರು ಕಳಿಸಿದ ವರ್ಡ್ ಫೈಲ್ ತೆರೆಯುತ್ತೀರಿ. ಮನೆಯವರು ನೋಡಿ ಕನ್ನಡ ಚೆನ್ನಾಗಿ ಕಾಣ್ತಿದೆ ಅನ್ನುತ್ತಾರೆ. ಎನ್‌ವಿಡಿಎ ಮಾತ್ರ ಪಿ, ಕ್ಯೂ, ಪೌಂಡ್ ಎಂದೆಲ್ಲ ಒದರುತ್ತದೆ. ಕೆಟ್ಟಿರುವುದು ಎನ್‌ವಿಡಿಎ ಅಲ್ಲ. ಕನ್ನಡ ಟೈಪ್ ಮಾಡುವ ನುಡಿ, ಬರಹ ಸಾಫ್ಟ್‌ವೇರುಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನುಡಿಯಲ್ಲಿ ಟೈಪ್ ಮಾಡಿದ ‘ನ’ ಕಂಪ್ಯೂಟರಿನ ಒಳಗೆ ಬ್ರಿಟಿಷ್ ಪೌಂಡಿನ ಗುರುತು, ಅದರ ಪಕ್ಕ ತಲೆಯ ಮೇಲೆ ಗೆರೆ ಇರುವ ಒಂದು ‘ಎ’. ಕಣ್ಣಿಗೆ ಕಾಣುವುದು ಫಾಂಟ್ ಬಿಡಿಸಿದ ಚಿತ್ರ. ಸ್ಕ್ರೀನ್ ರೀಡರ್ ಓದುವುದು ಒಳಗಿನ ಅಕ್ಷರ. ಹೀಗೆ ಒದರಿದಾಗ ಇನ್ಸರ್ಟ್ (ಅಥವಾ ಎನ್‌ವಿಡಿಎ ಕೀ ಎಂದು ಆರಿಸಿಕೊಂಡ ಕ್ಯಾಪ್ಸ್ ಲಾಕ್) ಜೊತೆ ಎಫ್ ಒತ್ತಿ, ಫಾಂಟಿನ ಹೆಸರು ಹೇಳುತ್ತದೆ. ನುಡಿ 01 ಇ, ಬಿಆರ್‌ಎಚ್ ಕನ್ನಡ ಎಂದೇನಾದರೂ ಬಂದರೆ ಅದು ಹಳೆ ಜಾತಿ. ತುಂಗ, ನಿರ್ಮಲ ಎಂದರೆ ಯುನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಪದ್ಧತಿ, ಸರಿಯಾಗಿ ಓದುತ್ತದೆ. ಹಳೆಯದನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ನುಡಿ ಮತ್ತು ಬರಹದ ಜೊತೆಯೂ ಬರುತ್ತವೆ. ಒಂದೇ ಫೈಲಿನಲ್ಲಿ ಇಂಗ್ಲಿಷ್ ಪದಗಳು ಬೆರೆತಿದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಕಲಸುಮೇಲೋಗರ ಮಾಡುತ್ತದೆ. ಹಾಗಾಗಿ ಮೇಷ್ಟ್ರಿಗೇ ಒಂದು ಮಾತು ಹೇಳಿ, ಸಾರ್, ಯುನಿಕೋಡಿನಲ್ಲಿ ಸೇವ್ ಮಾಡಿ ಕಳಿಸ್ತೀರಾ ಅಂತ. ಬಹಳ ಜನಕ್ಕೆ ಈ ತೊಂದರೆ ಇದೆ ಅಂತಲೇ ಗೊತ್ತಿರುವುದಿಲ್ಲ, ಹೇಳಿದರೆ ಮಾಡಿಕೊಡುತ್ತಾರೆ.

ಪಿಡಿಎಫ್ ಇನ್ನೊಂದು ಕಥೆ. ಹಳೆ ಪುಸ್ತಕಗಳು, ವಿಶ್ವವಿದ್ಯಾಲಯದ ಸುತ್ತೋಲೆಗಳು ಬಹುತೇಕ ಸ್ಕ್ಯಾನ್ ಮಾಡಿದ ಫೋಟೋಗಳೇ. ಅಲ್ಲಿ ಅಕ್ಷರವೇ ಇಲ್ಲ. ಎನ್‌ವಿಡಿಎಯಲ್ಲಿ ಇನ್ಸರ್ಟ್ ಜೊತೆ ಆರ್ ಒತ್ತಿದರೆ ಚಿತ್ರದಿಂದ ಅಕ್ಷರ ತೆಗೆಯುವ ಓಸಿಆರ್ ಓಡುತ್ತದೆ. ಆದರೆ ಅದು ವಿಂಡೋಸಿನ ಓಸಿಆರ್, ಅದಕ್ಕೆ ಕನ್ನಡ ಬರುವುದಿಲ್ಲ. ಗೂಗಲ್ ಡ್ರೈವಿಗೆ ಪಿಡಿಎಫ್ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಕನ್ನಡ ಅಕ್ಷರ ಹೊರಬರುತ್ತದೆ. ನೂರಾರು ಪುಟ ಒಟ್ಟಿಗೆ ಕೊಟ್ಟರೆ ಅರ್ಧಕ್ಕೇ ಕೈಬಿಡುತ್ತದೆ, ಹತ್ತಿಪ್ಪತ್ತು ಪುಟದಂತೆ ತುಂಡು ಮಾಡಿ ಕೊಡಿ. ಟೆಸರಾಕ್ಟ್ ಎಂಬ ಉಚಿತ ಓಸಿಆರ್‌ಗೂ ಕನ್ನಡ ಬರುತ್ತದೆ. ನಮ್ಮೂರಿನ ಐಐಎಸ್‌ಸಿಯ ಮೈಲ್ ಲ್ಯಾಬಿನವರು ಲಿಪಿ ಜ್ಞಾನಿ ಎಂಬ ಕನ್ನಡ ಓಸಿಆರ್ ಕಟ್ಟಿದ್ದಾರೆ, ಈ ವಿಷಯದಲ್ಲಿ ಬಹಳ ಕೆಲಸ ಮಾಡಿದವರು ಅವರು. ಇನ್ನು ಅಕ್ಷರ ಇರುವ ಪಿಡಿಎಫ್‌ಗಳಲ್ಲೂ ಕನ್ನಡದ ಒತ್ತಕ್ಷರ, ಗುಣಿತದ ಗುರುತುಗಳು ಹಿಂದುಮುಂದಾಗಿ ಹೊರಬರುವುದುಂಟು. ಅಂಥದ್ದನ್ನು ಕಾಪಿ ಮಾಡುತ್ತಾ ಕೂರಬೇಡಿ, ಅದನ್ನೂ ಸ್ಕ್ಯಾನ್ ಅಂದುಕೊಂಡು ಓಸಿಆರ್‌ಗೇ ಕೊಟ್ಟುಬಿಡಿ.

ಈಗ ಎಐ ಆ್ಯಪುಗಳಿಗೆ ಪುಟದ ಫೋಟೋ ಕೊಟ್ಟು ಓದಿಸುವವರು ಜಾಸ್ತಿ. ಪತ್ರ, ಬಿಲ್ಲು ಓದಿಸಲು ನಾನೂ ಬಳಸುತ್ತೇನೆ. ಹಳಗನ್ನಡ ಪದ್ಯಕ್ಕೆ ಮಾತ್ರ ನಂಬಬೇಡಿ. ಅರ್ಥವಾಗದ ಕಡೆ ಅದು ತಾನೇ ಒಂದು ಪದ ಹೊಂದಿಸಿ ಓದಿಬಿಡುತ್ತದೆ, ಓಸಿಆರ್ ತಪ್ಪಿನ ಹಾಗೆ ಅದು ಕಿವಿಗೆ ಕಿರಿಕಿರಿ ಮಾಡುವುದೂ ಇಲ್ಲ. ಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯದಲ್ಲಿ ಹೆಸರು ನೋಂದಾಯಿಸಿ. 2016ರಲ್ಲಿ ಶುರುವಾದ ಈ ಆನ್‌ಲೈನ್ ಗ್ರಂಥಾಲಯ ಮುದ್ರಿತ ಪುಸ್ತಕ ಓದಲಾಗದವರಿಗೆಂದೇ ಇದೆ, ಕನ್ನಡವೂ ಇದೆ. ಪಠ್ಯಪುಸ್ತಕ ಸ್ಕ್ಯಾನ್ ಮಾಡಿದರೆ ಕಾನೂನಿನ ತೊಡಕು ಬರುತ್ತದಾ ಎಂದು ಹಿಂಜರಿಯಬೇಡಿ. 2012ರಲ್ಲಿ ತಿದ್ದಿದ ಕಾಪಿರೈಟ್ ಕಾಯ್ದೆ ನಮ್ಮ ಓದಿಗೆ ತಕ್ಕ ರೂಪಕ್ಕೆ ಪುಸ್ತಕ ಬದಲಾಯಿಸಿಕೊಳ್ಳಲು ಅವಕಾಶ ಕೊಟ್ಟಿದೆ.

ಬರೆಯುವ ವಿಷಯ. ಕಣ್ಣಿದ್ದಾಗ ನುಡಿಯಲ್ಲಿ ಟೈಪ್ ಮಾಡಿ ರೂಢಿಯಿದ್ದರೆ ಅದೇ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ಮುಂದುವರಿಯಿರಿ, ಯುನಿಕೋಡ್ ಆಯ್ಕೆಯಲ್ಲಿ ಮಾತ್ರ. ರೂಢಿ ಇಲ್ಲದಿದ್ದರೆ ವಿಂಡೋಸಿನೊಳಗೇ ಇರುವ ಇನ್‌ಸ್ಕ್ರಿಪ್ಟ್ ಅಥವಾ ಫೊನೆಟಿಕ್ ಕೀಬೋರ್ಡ್ ಸಾಕು. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಮೊದಮೊದಲು ಗಲಿಬಿಲಿ ಮಾಡುವ ಒಂದು ಸಂಗತಿ ಹೇಳುತ್ತೇನೆ. ‘ಸ್ತ್ರೀ’ ಮೇಲೆ ಬಾಣದ ಕೀ ಒತ್ತಿದರೆ ಇಡೀ ಅಕ್ಷರ ಒಂದೇ ನೆಗೆತಕ್ಕೆ ದಾಟುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಮಾತ್ರ ಒಂದೊಂದೇ ತುಂಡು ಅಳಿಯುತ್ತದೆ, ಮೊದಲು ದೀರ್ಘದ ಗುರುತು, ಆಮೇಲೆ ರ, ಹೀಗೆ. ಒಂದು ಅಳಿಸಿದೆ ಅಂದುಕೊಂಡು ಅರ್ಧ ಅಕ್ಷರ ಉಳಿಸಿಬಿಡುವುದು ಹೊಸಬರಲ್ಲಿ ಬಹಳ. ಶ ಮತ್ತು ಷ ಕಿವಿಗೆ ಹೆಚ್ಚುಕಮ್ಮಿ ಒಂದೇ ಥರ. ಋ ಮತ್ತು ರು ಕೂಡ ಹಾಗೇ. ಪ್ರಬಂಧ ಒಪ್ಪಿಸುವ ಮುಂಚೆ ಅನುಮಾನ ಬಂದ ಪದಗಳನ್ನು ಅಕ್ಷರ ಅಕ್ಷರವಾಗಿ ಓದಿಸಿ ನೋಡಿ.

ಕಲಿಯಲು ಬೆಂಗಳೂರಿನಲ್ಲಿ ಜಾಗಗಳಿಗೆ ಬರವಿಲ್ಲ. ಕೋರಮಂಗಲದ ಎನೇಬಲ್ ಇಂಡಿಯಾ, ಎಚ್‌ಎಸ್‌ಆರ್ ಲೇಔಟಿನ ಮಿತ್ರ ಜ್ಯೋತಿ ಮತ್ತು ಸಮರ್ಥನಂ, ಈ ಮೂರೂ ವರ್ಷಾನುಗಟ್ಟಲೆಯಿಂದ ಕಣ್ಣು ಕಾಣದವರ ಜೊತೆ ಕೆಲಸ ಮಾಡುತ್ತಿವೆ. ಫೋನ್ ಮಾಡಿ, ಮುಂದಿನ ಬ್ಯಾಚ್ ಯಾವಾಗ, ಕನ್ನಡದಲ್ಲಿ ಹೇಳಿಕೊಡುತ್ತೀರಾ, ಎನ್‌ವಿಡಿಎಯಲ್ಲಿ ಕಲಿಸುತ್ತೀರಾ ಎಂದು ಕೇಳಿ. ಸಾಧ್ಯವಾದರೆ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆಯೇ ಒಂದು ಸಲ ಹೋಗಿ ಬನ್ನಿ. ಅಲ್ಲಿ ನಾಲ್ಕಾರು ಥರದ ಕೀಬೋರ್ಡ್ ಮೇಲೆ ಕೈಯಾಡಿಸಬಹುದು, ಯಾವ ಅಂಗಡಿಗೆ ಹೋಗಬೇಕು ಎಂಬುದೂ ತಿಳಿಯುತ್ತದೆ.

ದುಡ್ಡಿನ ವಿಷಯದಲ್ಲಿ ಇನ್ನೊಂದು. ಎಸ್ಸೆಸ್ಸೆಲ್ಸಿ ನಂತರ ಓದುತ್ತಿರುವ, ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಟಾಕಿಂಗ್ ಲ್ಯಾಪ್‌ಟಾಪ್ ಯೋಜನೆ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ನಿಯಮ, ಅರ್ಜಿ ಕರೆಯುವ ಸಮಯ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಆದರೆ ಅದು ಬರಲಿ ಆಮೇಲೆ ಕಲಿಯೋಣ ಎಂದು ಒಂದು ಸೆಮಿಸ್ಟರ್ ಕಳೆಯಬೇಡಿ.

ಕೊನೆಗೆ ಎರಡು ಸಣ್ಣ ವಿಷಯ, ಲ್ಯಾಪ್‌ಟಾಪ್ ಬಂದ ದಿನವೇ ಮಾಡಿಕೊಳ್ಳಿ. ಎನ್‌ವಿಡಿಎಯಲ್ಲಿ ಸ್ಕ್ರೀನ್ ಕರ್ಟನ್ ಎಂದು ಒಂದು ಸೌಲಭ್ಯ ಇದೆ, ಇನ್ಸರ್ಟ್, ಕಂಟ್ರೋಲ್, ಎಸ್ಕೇಪ್ ಒತ್ತಿದರೆ ತೆರೆ ಪೂರ್ತಿ ಕಪ್ಪಾಗುತ್ತದೆ. ಮೆಟ್ರೋದಲ್ಲಿ ಪಕ್ಕದವರು ನಿಮ್ಮ ಮೇಲ್, ಬ್ಯಾಂಕ್ ಬ್ಯಾಲೆನ್ಸ್ ಇಣುಕಿ ನೋಡುವುದು ತಪ್ಪುತ್ತದೆ. ಎರಡನೆಯದು, 2025.1 ಆವೃತ್ತಿಯಿಂದ ಎನ್‌ವಿಡಿಎ ಒಳಗೇ ರಿಮೋಟ್ ಆ್ಯಕ್ಸೆಸ್ ಬಂದಿದೆ. ನೀವು ವಿಜಯನಗರದಲ್ಲಿ ಸಿಕ್ಕಿಹಾಕಿಕೊಂಡಾಗ ಕೋರಮಂಗಲದಲ್ಲಿರುವ ಗೆಳತಿ ತನ್ನ ಎನ್‌ವಿಡಿಎಯಿಂದಲೇ ನಿಮ್ಮ ಲ್ಯಾಪ್‌ಟಾಪ್ ಮಾತಾಡುವುದನ್ನು ಕೇಳಿ, ತನ್ನ ಕೀಬೋರ್ಡಿನಿಂದಲೇ ಸರಿ ಮಾಡಬಹುದು. ಸಂಪರ್ಕಕ್ಕೆ ಪಾಸ್‌ವರ್ಡ್ ಥರದ ಒಂದು ಗುಟ್ಟಿನ ಪದ ಕೊಡಬೇಕಾಗುತ್ತದೆ. ಅದು ಕೈಯಲ್ಲಿದ್ದವರಿಗೆ ನಿಮ್ಮ ಇಡೀ ಕಂಪ್ಯೂಟರ್ ಕೈಗೆ ಸಿಕ್ಕ ಹಾಗೆ. ಗೊತ್ತಿರುವವರಿಗೆ ಮಾತ್ರ ಕೊಡಿ, ಕಸ್ಟಮರ್ ಕೇರ್ ಅಂತ ಫೋನ್ ಮಾಡಿದವರಿಗೆ ಕೊಡಬೇಡಿ.